ಷರಾ ಕಾಲಂ

ಎಲೆಕ್ಷನ್ ಬಂತಂದ್ರ ಬೀದರ ಜಿಲ್ಲಾದ ಬಂದೂಕೆಲ್ಲ
ನನ್ನ ಕೋಣ್ಯಾಗ ಬಂದು ಮಲಗತಾವ.
ಹುಮನಾಬಾದದ ಡಬಲ್ ಬ್ಯಾರಲ್ಲು,
ಔರಾದದ ಜಂಗು ಹಿಡಿದ ರೈಫಲ್ಲು,
ಕೊರಳಿಗೆ ಚೀಟಿ, ಚೀಟಿಗೊಂದು ನಂಬರು.
ಈ ಸಲ ನೂರಾ ಹದಿನೇಳನೇದು
ಗುತ್ತೇದಾರ ವೈಜಿನಾಥರಾವ್ ಅವರದು:
ಬತ್ತೀಸ ಬೋರಿನ ಪಿಸ್ತೂಲು,
ನಳಿಗಿ ನೆತ್ತಿ ಮ್ಯಾಲ, ಮೂತಿ ಹತ್ರ,
ಎಡಕ್ಕೆರಡು ಬಲಕ್ಕೆರಡು ಕಿಂಡಿ.

"ಇದೇನ್ ಝರೆಪ್ಪಾ, ಕೊಳಲೇನು?"
ಅಂದ್ರು ಪಿಎಸ್ಐ ಮಹಾನಂದಾ ಮೇಡಂ.

ಕೊಳಲಲ್ಲರಿ, ಕರೇಜು.
ನೌಬಾದದ ಕಡಿ ಹೋಗೀರಿಲ್ಲೋ?
ನೆಲದ ಹೊಟ್ಟ್ಯಾಗ ಸುರಂಗ, ಸುರಂಗದಾಗ ನೀರು,
ಅಲ್ಲಲ್ಲಿ ಮುಗಿಲಿಗೆ ಬಾಯಿ ತೆರೆದ ಬಾವಿ.
ನೀರು ತನ್ನ ದಾರಿ ಹಿಡದು ಹೋಗತದ,
ಉಸಿರು ಮ್ಯಾಲ ಬರತದ.
ಇಲ್ಲೂ ಹಂಗೇ, ಗುಂಡು ಮುಂದ, ಹೊಗಿ ಮ್ಯಾಲ.
ಹೊಗಿ ಮ್ಯಾಲ ಚಿಮ್ಮಿದಷ್ಟು ನಳಿಗಿ ಕೆಳಗ ಕೂಡತದ,
ಜಿಗಿಯೋ ಕರುವಿನ ಹಣಿ ಮ್ಯಾಲ
ಅಂಗೈ ಇಟ್ಟಂಗ.

"ಹಂಗಂದ್ರ ಛಲೋದು ಅನ್ನು."
ನಾ ಸುಮ್ಮನಾದೆ.
ನನ್ನ ರಜಿಸ್ಟರಿನಾಗ ಛಲೋ ಅನ್ನೋ ಕಾಲಂ ಇಲ್ಲ.

ಮಾಡಬಾರದ್ದು ಮಾಡಿದ್ವಿ, ಖರೆ.
ನಾಶಕ್ಕಿಟ್ಟ ಹಳೇ ಗುಂಡಿನಾಗ ಆರು ಆರಿಸಿ
ಸಂಜಿ ಆರಕ್ಕ ರೇಂಜಿಗೆ ಹೋದ್ವಿ.
ಕೆಮ್ಮಣ್ಣ ದಿಬ್ಬ, ಹಲಗಿ ಮ್ಯಾಲ
ಸೊಸೈಟಿ ಬ್ಯಾಂಕಿನ ಹೋದ ವರ್ಷದ ಕ್ಯಾಲೆಂಡರು.
ಮೊದಲಿನೆರಡು ಫೆಬ್ರವರಿ ಒಂಬತ್ತು, ಹತ್ತು.
ನಡುವ ಒಂದೇ ಬೆರಳು.
"ಕೈ ಎದ್ದೇ ಇಲ್ಲ ಝರೆಪ್ಪಾ!"
ಟ್ರೇನಿಂಗಿಗೆ ಬಂದ ಹುಡುಗಿಯಂಗ ನಕ್ಕರು.
ಬತ್ತೀಸ ಬೋರು ಮೊದಲೇ ಎಷ್ಟು ಕುಣಿತದರಿ,
ಅಂತ ನಾ ಅನ್ನಲಿಲ್ಲ.
ಮದ್ದು ಜೋರಿದ್ದಾಗಷ್ಟೇ ಕಿಂಡಿಗೆ ದುಡಿಮಿ,
ಇಂಥಾ ಸಣ್ಣದಕ್ಕ ಅದು ಅರ್ಧ ಶೋಕಿ.
ಆದ್ರ ಆ ನಗಿ ಶೋಕಿ ಅಲ್ಲ, ಅದೂ ಲೆಕ್ಕದಾಗ ಬರಬೇಕು.

ಇನ್ನೆರಡಕ್ಕ ತಡೀರಿ, ಅಂದೆ.
ಬಾಂಗ್ ಮುಗೀಲಿ, ಬೇವಿನ ಗಿಡ ಕರ್ರಗಾಗಲಿ.
ಆಮ್ಯಾಲ ಹೊಡದ್ರು.
ನೆಟ್ಟಗ ಅವರ ಕಣ್ಣಮುಂದ ಬೆಂಕಿ ಎರಡು ಕೋಡಾಗಿ ಎದ್ದು
ಹೋತು.
ಕಿವ್ಯಾಗ ತಾಮ್ರದ ಕೊಡ ಬಿದ್ದಂಗ.
"ಝರೆಪ್ಪಾ, ಹಲಗಿ ಎಲ್ಲದ?"
ಇದ್ದಲ್ಲೇ ಅದರಿ.
ನಿಮಗ ಇನ್ನೊಂದಿಷ್ಟು ಹೊತ್ತು ಕಾಣಂಗಿಲ್ಲ, ಅಷ್ಟೇ.
ಅಷ್ಟು ಹೊತ್ತು ಎದುರಿದ್ದಂವ ತಡಿತಾನಿಲ್ಲೋ,
ಅದು ಅವನ ಮರ್ಜಿ.

ಉಳಿದ ಎರಡು ನಾನು.
ಬಿಳಿ ಕರವಸ್ತ್ರ ಬಿದಿರು ಕೋಲಿಗೆ ಕಟ್ಟಿ
ಪಿಸ್ತೂಲಿನ ಮ್ಯಾಲ ಗೇಣುದ್ದ ಇಳಿಬಿಟ್ಟು ಹೊಡದೆ.
ಬ್ಯಾಟರಿ ಬೆಳಕಿನಾಗ ತೋರಿಸಿದೆ, ನಾಲ್ಕು ಕರೀ ಕಲಿ.
ಗಲ್ಲ ಎತ್ತಿ ಇದನ್ನೂ ತೋರಿಸಿದೆ.
ಮೂರು ವರ್ಷ ಅವರು ಹುಟ್ಟುಮಚ್ಚಿ ಅಂದ್ಕೊಂಡಿದ್ರಂತ.
ಚಿಂಚೋಳಿ ಅಡವ್ಯಾಗ, ಕತ್ತಲಿ,
ಒಂದೇ ಪಿಸ್ತೂಲಿಗೆ ಇಬ್ಬರು ಜೋತುಬಿದ್ದಾಗ
ಮೂತಿ ಯಾರ ಕಡಿ ಅದ ಅಂತ ನೋಡಿದ್ದೆ,
ಕಿಂಡಿ ಯಾರ ಕಡಿ ಅಂತ ನೋಡಿರಲಿಲ್ಲ.

ರಾತ್ರಿ ಒರಸಲಿಕ್ಕ ಕುಂತೆ.
ಗುರಿಕಡ್ಡಿ ಮ್ಯಾಲ ಮಸಿ, ಕಿಂಡಿ ಅಂಚಿಗೆ ಸೀಸದ ಚೂರು,
ಹಲ್ಲುಜ್ಜೋ ಬ್ರಶ್ಶು, ಸೀಮೆಎಣ್ಣಿ,
ಅರ್ಧ ತಾಸಿನ ಕೆಲಸಕ್ಕ ಎರಡು ತಾಸು.
ಕರೇಜಿನ ಬಾವಿಗೂ ಇದೇ ಗತಿ ಆಗಿತ್ತು.
ಉಸಿರಾಡಲಿ ಅಂತ ಹಿಂದಿನವರು ತೆಗೆದ ಬಾಯಾಗ
ನಾವು ಹುಡುಗರು ಕಲ್ಲು ಒಗದು ಸದ್ದು ಎಣಿಸಿದ್ವಿ.
ಗಫೂರನ ಆಡು ಬಿತ್ತು. ಒಂದಿಡೀ ದಿನ ಒದರಿತು.

ಕೌಂಟಿಂಗ್ ಮುಗದ ವಾರಕ್ಕ ವೈಜಿನಾಥರಾವ್ ಬಂದರು,
ಸಹಿ ಮಾಡಿ, ಬಟ್ಟಿ ಬಿಚ್ಚಿ, ಮೂಸಿ ನೋಡಿ
"ಎಣ್ಣಿ ಹಾಕೀರಿ? ಶಹಬ್ಬಾಸ್" ಅಂದರು.
ಮೇಡಂ ಕಿಟಕಿ ಹೊರಗ ನೋಡಲಿಕ್ಕ ಹತ್ತಿದ್ದರು.
ಷರಾ ಕಾಲಂದಾಗ ನಾ ಬರದಿದ್ದಿಷ್ಟೇ:
"ನಳಿಗೆಯ ಮೇಲ್ಭಾಗದಲ್ಲಿ ನಾಲ್ಕು ರಂಧ್ರಗಳಿರುತ್ತವೆ."

ಆ ಕರವಸ್ತ್ರ ನಮ್ಮಾಕಿ ಮೂರು ಸಲ ಒಗದಾಳ.
ಇನ್ನೂ ನಾಲ್ಕೇ ಅವ.