ಬಿಳಿಯ ದರ

ಬೋಳಾರದಲ್ಲಿ, ಬಾಗಿಲು ಹಾಕಿದ ಹಂಚಿನ ಕಾರ್ಖಾನೆಯ ಹಿಂದೆ,
ಮಾಳಿಗೆಯ ಕೋಣೆಯಲ್ಲಿ ನನ್ನ ಇಪ್ಪತ್ತೆರಡು ಹಾವು.
ನಾಗ ಅಲ್ಲ ಅಮ್ಮಾ, ಹೆಬ್ಬಾವಿನ ಜಾತಿ, ಆಫ್ರಿಕದ್ದು,
ಹೆದರಿದರೆ ಚೆಂಡಾಗುತ್ತದೆ, ಅಷ್ಟೇ,
ನೂರು ಸಲ ಹೇಳಿದ್ದೇನೆ.
ಅಮ್ಮ ಮೆಟ್ಟಿಲ ಬುಡದವರೆಗೆ ಬರುತ್ತಾಳೆ,
ಚಪ್ಪಲಿ ಬಿಡುತ್ತಾಳೆ,
ಹತ್ತುವುದಿಲ್ಲ.

ಜೂನ್. ಕರೆಂಟಿಲ್ಲ. ಇನ್ವರ್ಟರಿನ ಗುಂಯ್.
ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮೂವತ್ತೊಂದೂವರೆ ಡಿಗ್ರಿ,
ಒಂದಕ್ಕೊಂದು ಅಂಟಿದ ಆರು ಮೊಟ್ಟೆ,
ಐವತ್ತಾರನೆಯ ದಿನ.
ಕಂಕನಾಡಿಯ ಲ್ಯಾಬಿನಲ್ಲಿ ಹಗಲಿಡೀ ಪರರ ರಕ್ತ ನೋಡಿದ ಕಣ್ಣು
ಈಗ ಟಾರ್ಚಿನ ಹಿಂದೆ.

ಪಿಯುಸಿಯ ರೆಕಾರ್ಡು ಪುಸ್ತಕದ ಖಾಲಿ ಹಾಳೆಯಲ್ಲಿ
ನಾಲ್ಕು ಚೌಕ ಗೀಚಿಟ್ಟಿದ್ದೇನೆ.
ತಾಯಿ ಕಂದು, ತಂದೆ ಕಂದು,
ಇಬ್ಬರೊಳಗೂ ಒಂದೊಂದು ಮುಚ್ಚಿಟ್ಟ ಬಿಳಿ.
ಎರಡೂ ಒಂದೇ ಚೌಕಕ್ಕೆ ಬಂದರೆ
ಸುಣ್ಣದ ಗೋಡೆಗೆ ಕಾಫಿ ಚೆಲ್ಲಿದಂಥ ಮೈ.
ಉಳಿದ ಮೂರು ಕಂದೇ.
ಆ ಮೂರರಲ್ಲಿ ಎರಡು ಬಿಳಿಯನ್ನು ಹೊತ್ತಿವೆ, ಒಂದು ಹೊತ್ತಿಲ್ಲ,
ಯಾವುದೆಂದು ಹೊತ್ತದ್ದಕ್ಕೂ ಗೊತ್ತಿಲ್ಲ.
ಮಾರುವಾಗ ಅದಕ್ಕೂ ದರ ಉಂಟು,
‘ಇರಬಹುದು’ ಎಂಬುದರ ದರ,
ದಕ್ಕೆಯಲ್ಲಿ ಬುಟ್ಟಿ ತೆರೆಯದೆ ಏಲಂ ಕೂಗಿದ ಹಾಗೆ.

ಈ ವಿದ್ಯೆ ಕಲಿಸಿದವನು ಜೆಪ್ಪುವಿನ ಬೊನಿಫಾಸ್ ಮೊಂತೇರೊ.
ಮೊದಲ ಬಿಳಿಮಚ್ಚೆಯ ಮರಿಯನ್ನು ಎಂಬತ್ತು ಸಾವಿರಕ್ಕೆ ಕೊಟ್ಟು
ಸ್ಕೂಟರು ತಂದ.
ಕೊಂಡವನು ಕೊಯಮತ್ತೂರಿನಲ್ಲಿ ಮರಿ ಮಾಡಿಸಿದ,
ಅವನಿಂದ ಕೊಂಡವರು ಪುಣೆಯಲ್ಲಿ.
ಮೂರು ಮಳೆಗಾಲ, ಬಿಳಿಯೇ ಬಿಳಿಯನ್ನು ತಿಂದಿತು.
ಈಗ ಹನ್ನೊಂದು ಸಾವಿರ, ಚೌಕಾಸಿಗೆ ಕೂತರೆ ಒಂಬತ್ತು.
“ಬಂಗುಡೆಯ ಹಾಗೆ ಮಾರಾಯ್ತಿ,
ಎಲ್ಲರ ಬಲೆಗೂ ಬಿದ್ದ ದಿನ ಬೆಕ್ಕಿಗೂ ಬೇಡ.”

ಅವನಲ್ಲಿ ಬೇರೊಂದು ವಂಶ ಉಂಟು,
ಮೈತುಂಬ ಜೇಡನ ನೂಲಿನಂಥ ಗೆರೆ.
ಆ ಗೆರೆ ಬರೆದ ಕೈಯೇ ಕಿವಿಯೊಳಗಿನ ತಕ್ಕಡಿಯನ್ನು ಓರೆ ಮಾಡಿದೆ;
ತಲೆ ತಿರುಪು ಮೊಳೆಯಂತೆ ಸುತ್ತುತ್ತದೆ,
ಇಲಿಗೆ ಹಾಕಿದ ಬಾಯಿಗೆ ಗಾಳಿ ಸಿಗುತ್ತದೆ.
ವಿಡಿಯೋ ನೋಡಿದವರು ಕುಣಿಯುತ್ತದೆ ಎಂದು ಅಡ್ವಾನ್ಸ್ ಕಳಿಸುತ್ತಾರೆ.
ಅದನ್ನು ನಾನು ತರಲಿಲ್ಲ.
ಹಾಗೆಂದು ಕೈ ಚೊಕ್ಕ ಎನ್ನಲಾರೆ,
ಗಿರಾಕಿಯಿಲ್ಲದ ಕಂದು ಮರಿಗಳನ್ನು ಮುನ್ನೂರಕ್ಕೆ ಕೊಟ್ಟದ್ದುಂಟು,
ಎಲ್ಲಿಗೆ ಎಂದು ಕೇಳದೆ.

ಕೈ ಎಂದೆನಲ್ಲ. ಇದೋ.
ಹದಿನಾರರಲ್ಲಿ ಬೆರಳ ತುದಿಗೆ ಅಕ್ಕಿಕಾಳಿನಷ್ಟು,
ಈಗ ಮೊಣಕೈವರೆಗೆ, ತುಟಿಯ ಒಂದು ಮೂಲೆಗೆ.
ನಾಗದೋಷ ಎಂದರು. ತನು ಎರೆದರು, ತಂಬಿಲ ಕೊಟ್ಟರು,
ಆಶ್ಲೇಷಾ ಬಲಿಗೆ ಅಪ್ಪ ದೋಣಿಯ ಪಾಲು ಮಾರಿದ.
ನೋಡಲು ಬಂದದ್ದು ಐದು ಮನೆಯವರು.
ಉಚ್ಚಿಲದ ಹುಡುಗನ ತಾಯಿ
ನನ್ನ ಬೆರಳು ತಾಗದ ಹಾಗೆ ಲೋಟದ ಅಂಚು ಹಿಡಿದು ತೆಗೆದುಕೊಂಡಳು,
“ಕುಟುಂಬದಲ್ಲಿ ಬೇರೆ ಯಾರಿಗಾದರೂ ಉಂಟಾ?”
ಆಕೆಯೂ ಚೌಕ ಹಾಕುತ್ತಿದ್ದಳು,
ಪೆನ್ಸಿಲ್ ಇಲ್ಲದೆ.

ನನ್ನ ಬಿಳಿ ನಾಲ್ಕು ಚೌಕದಲ್ಲಿ ಕೂರುವಂಥದ್ದಲ್ಲ.
ಅದನ್ನು ಆಕೆಗೆ ಹೇಳಬೇಕಿತ್ತು.
ಹೇಳಿದ್ದು,
ಸಕ್ಕರೆ ಸಾಕಾ?

ಹನ್ನೊಂದೂಕಾಲು. ಮೊದಲ ಮೊಟ್ಟೆಯ ತೊಗಲು ಸೀಳಿತು,
ಬೆವರಿದ ಮೂಗು. ಕಂದು.
ಎರಡನೆಯದು ಕಂದು, ಇರಬಹುದು.
“ವಾರಿಜಾ, ಎಷ್ಟಾಯ್ತು?”
ದನಿ ಬುಡದಿಂದಲ್ಲ, ಏಳನೆಯ ಮೆಟ್ಟಿಲಿನಿಂದ.
ಕೈಯಲ್ಲಿ ಮೊಂಬತ್ತಿ, ಇನ್ನೊಂದರಲ್ಲಿ ಹಾಲಿನ ಲೋಟ.

ಇವು ಹಾಲು ಕುಡಿಯುವುದಿಲ್ಲ ಅಮ್ಮಾ.

“ಗೊತ್ತುಂಟು. ನಿನಗೆ ತಂದದ್ದು.”

ಲೋಟ ಬಿಸಿ ಇತ್ತು, ಸೆರಗಲ್ಲಿ ಹಿಡಿದುಕೊಂಡೆ.
ಮೂರನೆಯದು ಇನ್ನೂ ಬಾಯಿ ಬಿಟ್ಟಿಲ್ಲ.