ಕಣ್ಣು ಮುಚ್ಚುವ ಸರದಿ

ಮೊದಲ ಗುರುವಾರ ಮಾಳಿಗೆಗೆ ಕರೆದಿದ್ದರು.
ಹದಿನೆಂಟು ಮೆಟ್ಟಿಲು. ಹತ್ತು ವರ್ಷದ ಮಕ್ಕಳನ್ನು
ಸೊಂಟದಲ್ಲಿ ಹೊತ್ತ ನಮ್ಮಲ್ಲಿ ಯಾರೂ ಹತ್ತಲಿಲ್ಲ.
ಮುಂದಿನ ವಾರದಿಂದ ಕೆಳಗೇ,
ರೇಶನ್ ಅಂಗಡಿಯ ಹಿಂದಿನ ಜಗಲಿ,
ಗೋಣಿಯ ಮೇಲೆ ಗೋಣಿ ಹಾಸಿ ಏಳು ತಾಯಂದಿರು.

ಶೈಲಾ ಮೇಡಂ ಧಾರವಾಡದವರು. ಸಣ್ಣ ದನಿ.
ನಮ್ಮ ಮಸೂರಿನ ಕೆಸರು ಆಗಲೇ ಅವರ ಸೀರೆಯಂಚಿಗೆ ಅಂಟಿತ್ತು.
"ಕಣ್ಣು ಮುಚ್ಚಿ," ಅಂದರು. "ಉಸಿರು ಬರುವುದನ್ನು ನೋಡಿ,
ಹೋಗುವುದನ್ನು ನೋಡಿ. ಅಷ್ಟೇ."

ಯಾರೂ ಮುಚ್ಚಲಿಲ್ಲ.

ಜುಲೇಖಾ ಅಂದಳು: ನನ್ನವನಿಗೆ ಫಿಟ್ಸು, ಮೇಡಂ.
ಬರುವ ಮೊದಲು ತುಟಿಯ ಎಡತುದಿ
ಒಮ್ಮೆ ಅದುರುತ್ತದೆ. ಅದನ್ನು ಕಾಯುತ್ತ
ಆರು ವರ್ಷದಿಂದ ಕೂತಿದ್ದೇನೆ.
ಫಿಲೋಮಿನಾ: ನನ್ನವಳು ಬಾಗಿಲು ಕಂಡರೆ ಓಡುತ್ತಾಳೆ,
ಓಡಿದರೆ ಹೊಳೆಗೇ.
ಸೋಮಿ ಏನೂ ಅನ್ನಲಿಲ್ಲ. ಮಗನ ಕೈ ಹಿಡಿದಿದ್ದಳು;
ಬಿಟ್ಟರೆ ಅದು ಅವನ ಕೆನ್ನೆಗೇ ಬೀಳುತ್ತದೆ.

ನಾನು ಬಳಚು ತೆಗೆಯುವವಳು.
ಅಘನಾಶಿನಿ ಇಳಿದಾಗ ಮೊಣಕಾಲು ನೀರಲ್ಲಿ ನಿಂತು
ಕಾಲ ಬೆರಳಲ್ಲಿ ಕೆಸರು ಓದುವವಳು:
ಇದು ಕಲ್ಲು, ಇದು ಸತ್ತ ಚಿಪ್ಪು,
ಇದು ಬಾಯಿ ಬಿಗಿದು ಕೂತ ಜೀವ.
ನನಗೆ ಗಮನದ ಪಾಠವೇ?
ಸುಗಂಧಿಗೆ ಒಂದು ಬಟ್ಟಲು ಗಂಜಿ ಉಣಿಸಲು ಐವತ್ತು ನಿಮಿಷ.
ಅರ್ಧ ಚಮಚ ಹಾಕಿ, ಗಂಟಲ ಮೇಲೆ ಎರಡು ಬೆರಳಿಟ್ಟು
ಇಳಿಯಿತೇ, ಇಳಿಯಿತೇ ಎಂದು ಕಾಯುತ್ತೇನೆ.
ಅವಳದು ಇಳಿದ ಮೇಲೆ ನನ್ನ ಉಸಿರು ಬರುತ್ತದೆ.
ಅದನ್ನು ಎಂತ ನೋಡುವುದು?

ಇಷ್ಟೂ ಹೇಳಿದೆನೋ, ಅರ್ಧ ನುಂಗಿದೆನೋ.
ಮೇಡಂ ಕೈಯ ಕಾಗದ ಮಡಚಿ ಚೀಲದಲ್ಲಿಟ್ಟರು.
ತುಂಬ ಹೊತ್ತು ಫ್ಯಾನೊಂದೇ ಕಟಕಟ ಅಂದಿತು.
ಆಮೇಲೆ ಮೆಲ್ಲಗೆ:
"ನಿಮ್ಮ ಕಣ್ಣು ಇಷ್ಟು ನೋಡುತ್ತದಲ್ಲ,
ಅದರಲ್ಲಿ ನಿಮ್ಮ ಪಾಲಿಗೆ ಎಷ್ಟು?"

ಲೆಕ್ಕ ಹತ್ತಲಿಲ್ಲ ನಮಗೆ.
ಬುಟ್ಟಿಗೆಷ್ಟು ಬಳಚು, ಗೊತ್ತು. ತಿಂಗಳಿಗೆಷ್ಟು ಮಾತ್ರೆ,
ಹುಬ್ಬಳ್ಳಿ ಆಸ್ಪತ್ರೆಗೆ ಹೋಗಿಬರಲು ಎಷ್ಟು, ಗೊತ್ತು.
ನಾನು ಹೋದ ಮೇಲೆ ಇವಳಿಗೆ ಯಾರು
ಎಂಬ ರಾತ್ರಿ ಎರಡರ ಲೆಕ್ಕವೂ
ಬಾಯಿಪಾಠ, ಉತ್ತರ ಒಂದು ಬಿಟ್ಟು.

ಬಾಯಿ ಬಿಟ್ಟವಳು ಸೋಮಿ:
"ಒಬ್ಳು ಮುಚ್ಲಿ. ಉಳ್ದೋರು ನೋಡ್ಕಂಬ."

ಜುಲೇಖಾಳ ಮಗನ ತುಟಿಯನ್ನು ನಾನು ಕಾದೆ.
ಎಡತುದಿ, ಎಡತುದಿ ಎಂದು ಎರಡು ಸಲ
ಬೆರಳಿಟ್ಟು ತೋರಿಸಿದ ಮೇಲೇ ಅವಳು ಮುಚ್ಚಿದ್ದು.
ರೆಪ್ಪೆ ಒಂದಷ್ಟು ಹೊತ್ತು ಅದುರಿ, ನಿಂತಿತು.
ಐದು ನಿಮಿಷ ಅಂದದ್ದು. ಅವಳು ಗೊರಕೆ ಹೊಡೆದಳು.
ಯಾರೂ ಎಬ್ಬಿಸಲಿಲ್ಲ.

ನನ್ನ ಸರದಿ ಬಂದದ್ದು ಮೂರು ವಾರದ ಮೇಲೆ.
ಸುಗಂಧಿಯನ್ನು ಫಿಲೋಮಿನಾಳ ತೊಡೆಗೆ ಒರಗಿಸಿ
(ಕತ್ತು ಹೀಗೆ ಹಿಡಿ, ಜೊಲ್ಲು ಈ ಕಡೆ ಇಳಿಯಲಿ)
ಗಂಜಿಯ ಬಟ್ಟಲು ಕೈಗೆ ಕೊಟ್ಟು
ಮುಚ್ಚಿದೆ.
ಮೊದಲು ಬರೀ ಭಯ.
ಆಮೇಲೆ ಸೊಂಟ ನೋಯುತ್ತಿದೆ ಎಂದು ತಿಳಿಯಿತು,
ಎಷ್ಟು ವರ್ಷದಿಂದಲೋ.
ಆಮೇಲೆ ಅಂಗಾಲು. ಬೆಳಿಗ್ಗೆ ಚಿಪ್ಪು ಕೊಯ್ದ ಗೀರು
ಉಪ್ಪಿಗೆ ಇನ್ನೂ ಚುರುಗುಡುತ್ತಿತ್ತು.
ಇದು ಕಲ್ಲು. ಇದು ಸತ್ತ ಚಿಪ್ಪು.
ಇನ್ನೂ ಕೆಳಗೆ, ಮೆತ್ತಗಿನ ಕೆಸರಲ್ಲಿ,
ಬಾಯಿ ಬಿಗಿದು ಕೂತದ್ದು ಒಂದು ತಾಗಿತು:
ಇವಳು ಹುಟ್ಟದಿದ್ದರೆ ಎಂದು
ನಾನು ನೆನೆದ ಒಂದು ರಾತ್ರಿ.
ಕೀಳಲಿಲ್ಲ. ಬುಟ್ಟಿಗೂ ಹಾಕಲಿಲ್ಲ.
ಕಾಲು ಅದರ ಮೇಲಿಟ್ಟು ಸುಮ್ಮನೆ ನಿಂತೆ,
ನೀರು ಬಂತು, ಹೋಯಿತು.

ಕಣ್ಣು ಬಿಟ್ಟಾಗ
ಫಿಲೋಮಿನಾ ಮಗಳ ಗಂಟಲ ಮೇಲೆ ಎರಡು ಬೆರಳಿಟ್ಟು
ತಾನೂ ಉಸಿರು ಹಿಡಿದು ಕೂತಿದ್ದಳು.

"ಬಿಡೇ," ಅಂದೆ, "ಇಳಿದಿದೆ."