ಮೂರನೇ ಸಲ

ಅಪೊಂಡಿ ಇವತ್ತೂ ಬಂದಳು.
ಒಣಗಿದ ಒಮೆನಾ ಮೀನಿನ ವಾಸನೆ
ಅವಳಿಗಿಂತ ಮೊದಲೇ ಬಂದು ನನ್ನ ಸ್ಟೂಲಿನ ಮೇಲೆ ಕೂತಿತ್ತು.
ಫೋನನ್ನು ಸತ್ತ ಕಪ್ಪೆಯಂತೆ ಎರಡೇ ಬೆರಳಲ್ಲಿ ಹಿಡಿದು
ಮೇಜಿನ ಮೇಲಿಟ್ಟಳು: "ಮತ್ತೆ ಬಂದಿದೆ."

ಯಾರು ಅಂತ ನಾನು ಕೇಳಲಿಲ್ಲ.
ಕಿಸುಮುವಿನ ಕಿಬುಯೆ ಸಂತೆಯಲ್ಲಿ ಒಂದು ಛತ್ರಿ,
ಒಂದು ಹಳೇ ಲ್ಯಾಪ್‌ಟಾಪು, ಆರು ಸ್ಕ್ರೂಡ್ರೈವರು, ಇಷ್ಟಕ್ಕೆ ಒಡೆಯ ನಾನು.
ಹೋಯಿತು ಅಂದುಕೊಂಡದ್ದು ಮರಳಿ ಬಂದವರ ಮುಖ
ನನಗೆ ಬಾಯಿಪಾಠ.

ಮೊದಲ ಸಲ,
ಪರದೆ ಬೆಳಗುವ ಮೊದಲೇ ಜಾಹೀರಾತು:
ಕುಣಿಯುವ ಚಿನ್ನದ ನಾಣ್ಯ, ಹಲ್ಲು ಕಿಸಿಯುವ ಹುಡುಗಿ.
ಟಾರ್ಚು ಎಂದು ಹೆಸರಿಟ್ಟುಕೊಂಡು
ಬೆಳಕೇ ಕೊಡದ ಒಂದು ಆ್ಯಪು.
ಅಳಿಸುವ ಗುಂಡಿ ಮಬ್ಬು, ಒತ್ತಿದರೆ ಕಲ್ಲು.
ಸೇಫ್ ಮೋಡಿನಲ್ಲಿ ಎಬ್ಬಿಸಿ, ಅದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ
ಯಜಮಾನಿಕೆಯ ಬೀಗದಕೈ ಕಿತ್ತುಕೊಂಡು
ಹೊರಗೆ ದಬ್ಬಿದೆ. ನೂರು ಶಿಲ್ಲಿಂಗು ಎಣಿಸಿಕೊಂಡೆ.

ಎರಡನೇ ಸಲ ಏನೂ ಉಳಿಸಲಿಲ್ಲ.
ಹೆಸರು, ನಂಬರು, ಫೋಟೋ ಎಲ್ಲ ತೊಳೆದು
ಹುಟ್ಟಿದ ದಿನದಷ್ಟು ಬತ್ತಲೆ ಮಾಡಿ ಕೊಟ್ಟೆ.
ಸಂಜೆಗೆ ಅದೇ ನಾಣ್ಯ, ಅದೇ ಹಲ್ಲು.
ಆಗ ಹೊಳೆಯಿತು: ಇವನು ಬಾಗಿಲಿಂದ ನುಗ್ಗಿದ ಕಳ್ಳನಲ್ಲ,
ಮನೆ ಕಟ್ಟುವಾಗಲೇ ಗೋಡೆಯೊಳಗೆ ನಿಂತವನು.
ಅಗ್ಗದ ಫೋನು; ಎಲ್ಲೋ ಯಾರೋ ಕಾಸು ತಿಂದು
ಗಾರೆಯಲ್ಲೇ ಕಲಸಿದ್ದಾರೆ.

"ನಮ್ಮ ಸರೋವರದ ಅಂತರಗಂಗೆ ಇದ್ದಹಾಗೆ," ಅಂದಳು.
"ಹಗಲೆಲ್ಲ ಕಿತ್ತು ದಡಕ್ಕೆ ಹಾಕು,
ರಾತ್ರಿ ಗಾಳಿ ತಿರುಗಿತೋ, ಬೆಳಗ್ಗೆ ದೋಣಿಗೆ ದಾರಿಯಿಲ್ಲ."

ಇವತ್ತು ಗೋಡೆಯನ್ನೇ ಕೆಡವಬೇಕು.
ಸರಿಯಾದ ಫರ್ಮ್‌ವೇರಿಗಾಗಿ ಎರಡು ರಾತ್ರಿ ಹುಡುಕಿದ್ದೆ.
ಕೇಬಲ್ ಚುಚ್ಚುವ ಮೊದಲು ಸುಮ್ಮನೆ ಮೆಸೇಜು ತೆರೆದೆ:
ನಡುರಾತ್ರಿ ಎರಡೂ ಹತ್ತಕ್ಕೆ ಹತ್ತು ಶಿಲ್ಲಿಂಗು, ರಾಶಿಭವಿಷ್ಯಕ್ಕೆ.
ಎರಡೂ ಹನ್ನೊಂದಕ್ಕೆ ಹತ್ತು, ಫುಟ್‌ಬಾಲ್ ಸ್ಕೋರಿಗೆ.
ಎರಡೂ ಹನ್ನೆರಡಕ್ಕೆ ಪ್ರೇಮದ ಸಲಹೆ.
"ನಿಮಗೆ ಯಾರ ಮೇಲೆ ಪ್ರೇಮ?" ಅಂತ ನಕ್ಕೆ.
ನಗಬಾರದಿತ್ತು.

ಅವಳು ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು,
ಮುಗಿಸಿ ಮತ್ತೆ ಮೊದಲಿಂದ ಓದಿದಳು.
"ಹಾಗಾದರೆ ಅಜ್ವಾಂಗ್ ಅಲ್ಲ."

ಅಕ್ಕನ ಮಗಳಂತೆ. ಜೊತೆಯಲ್ಲೇ ಮಲಗುತ್ತಿದ್ದ ಹುಡುಗಿ.
ದಿನವೂ ಕರಗುವ ಟಾಪ್‌ಅಪ್ಪಿಗೆ
ಬೇರೆ ಯಾರ ಕೈ ಎಂದು ನೆನೆಯುವುದು?
ಮೀನಿನ ಸಾಲಿನ ಅಷ್ಟೂ ಹೆಂಗಸರ ಮುಂದೆ
ಜೇಬು ಮಗುಚಿಸಿ ನೋಡಿದ್ದಳು.
ಬಿದ್ದದ್ದು ಒಂದು ಹೇರ್‌ಪಿನ್ನು.
ಆದರೂ ಹೋಮಾ ಬೇ ಬಸ್ಸು ಹತ್ತಿಸಿದಳು.

ವಾಲ್ಯೂಮ್ ಗುಂಡಿ ಅದುಮಿ ಕೇಬಲ್ ಚುಚ್ಚಿದೆ.
ಹಸಿರು ಗೆರೆ ತೆವಳಿತು. ಈ ಹೊತ್ತಿನಲ್ಲಿ ಕರೆಂಟು ಹೋದರೆ
ಫೋನು ಇಟ್ಟಿಗೆ; ಅದನ್ನು ಹೇಳಲಿಲ್ಲ.
ಎಪ್ಪತ್ತರಲ್ಲಿ ಗೆರೆ ನಿಂತೇಬಿಟ್ಟಿತು.
ಇಬ್ಬರೂ ಉಸಿರು ಹಿಡಿದೆವು, ಬೇರೆ ಬೇರೆ ಕಾರಣಕ್ಕೆ.

ಕೊನೆಗೆ ಫೋನು ಕಣ್ಣು ಬಿಟ್ಟು ಕೇಳಿತು:
ನಿಮ್ಮ ಭಾಷೆ ಯಾವುದು?
ನಾಣ್ಯವಿಲ್ಲ, ಹಲ್ಲಿಲ್ಲ.
ಅಜ್ವಾಂಗಳ ನಂಬರೂ ಇಲ್ಲ.
ಅದನ್ನು ನಾನು ತೊಳೆದದ್ದಲ್ಲ, ಅವಳೇ
ಸಿಟ್ಟಲ್ಲಿ ಅದಕ್ಕೂ ಮೊದಲೇ ಅಳಿಸಿದ್ದಳು.

ಹತ್ತರಲ್ಲಿ ಒಂಬತ್ತು ಅಂಕಿ ನೆನಪಿದ್ದವು.
"ಕೊನೆಯದು ಮೂರೋ, ಎಂಟೋ."
ಮೂರಕ್ಕೆ ಯಾವನೋ ನಿದ್ದೆಗಣ್ಣಲ್ಲಿ ಬೈದ.
ಎಂಟಕ್ಕೆ ರಿಂಗಾಯಿತು, ಕಟ್ಟಾಯಿತು.
ಮತ್ತೆ ರಿಂಗಾಯಿತು, ಕಟ್ಟಾಯಿತು.
ಅವಳು ಮೂರನೇ ಸಲ ಒತ್ತುವಾಗ
ನಾನು ಛತ್ರಿ ಬಿಟ್ಟು ಬಿಸಿಲಿಗೆ ಹೋಗಿ ನಿಂತೆ.

ದುಡ್ಡು ಕೇಳಲಿಲ್ಲ ಅಂತಲ್ಲ, ಆಮೇಲೆ ಕೇಳಿದೆ. ಮುನ್ನೂರು.
ಅರ್ಧ ನೋಟು ಕೊಟ್ಟಳು, ಅರ್ಧ ಮೀನು.
ಕೀಬೋರ್ಡಿನ ಸಂದಿಯಲ್ಲಿ ಆ ವಾಸನೆ
ಇನ್ನೂ ಹೋಗಿಲ್ಲ.